ಕೈಗನ್ನಡಿ ಹಿಡಿದವರು

ಕ್ಷೌರ ಮುಗಿದ ಮೇಲೆ ಗಿರಾಕಿಯ ತಲೆಯ ಹಿಂದೆ ಕೈಗನ್ನಡಿ ಹಿಡಿದು "ಸರಿ ಇದೆಯಾ ನೋಡಿ" ಅನ್ನುವುದು ಎಲ್ಲ ಕಟಿಂಗ್ ಶಾಪುಗಳ ಪದ್ಧತಿ. ಗಿರಾಕಿ ಎದುರಿನ ದೊಡ್ಡ ಕನ್ನಡಿಯಲ್ಲಿ ತನ್ನ ಹಿಂದಲೆಯನ್ನು ನೋಡಬೇಕು. ನೋಡುತ್ತಾನೆಯೇ? ಎಲ್ಲಿಯ ಮಾತು! ಕೈಗನ್ನಡಿ ನೆಟ್ಟಗಾಗುವ ಮೊದಲೇ ತಲೆಯಾಡಿಸಿ "ಸರಿ ಇದೆ, ಸರಿ ಇದೆ" ಎಂದು ಜೇಬಿಗೆ ಕೈಹಾಕುತ್ತಾನೆ. ಹಿಂದೆ ಬೋಳಾಗುತ್ತಿದೆಯೋ, ಕತ್ತಿನಲ್ಲಿ ಕೊಬ್ಬು ಮಡಿಕೆ ಬಿದ್ದಿದೆಯೋ, ಆ ತಾಪತ್ರಯವೆಲ್ಲ ಯಾರಿಗೆ ಬೇಕು.

ಇದನ್ನು ಕತ್ತರಿಯಣ್ಣನಷ್ಟು ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅವನ ನಿಜವಾದ ಹೆಸರನ್ನು ಅವನ ಹೆಂಡತಿಯೂ ಮರೆಯುವಷ್ಟು ಆ ಅಡ್ಡಹೆಸರು ಅಂಟಿಕೊಂಡಿತ್ತು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕಿವಿಯ ಹಿಂದೆ ಎಲ್ಲಾದರೂ ಕತ್ತರಿ ಒಂದು ಎಳೆ ಹೆಚ್ಚು ತಿಂದಿದ್ದರೆ, ಕನ್ನಡಿ ಹಿಡಿಯುವಾಗ ಮಣಿಕಟ್ಟನ್ನು ಒಂದಿಷ್ಟೇ ಇಷ್ಟು ತಿರುಗಿಸುತ್ತಿದ್ದ. ಆ ಜಾಗ ಕನ್ನಡಿಯ ಅಂಚಿನಿಂದಾಚೆ ಜಾರಿಹೋಗುತ್ತಿತ್ತು. "ಊರಿಗೆಲ್ಲ ತಲೆ ಬೋಳಿಸ್ತೀನಿ, ಒಬ್ಬರಿಗೂ ಗೊತ್ತಾಗಲ್ಲ" ಎಂದು ಅವನು ಮನೆಯಲ್ಲಿ ನಗುತ್ತಿದ್ದ. ಹೆಂಡತಿ "ಥೂ, ನಿಮ್ಮ ಬುದ್ಧಿಗಿಷ್ಟು" ಎಂದು ತಾನೂ ನಗುತ್ತಿದ್ದಳು.

ಅವನ ಆಟ ನಡೆಯದಿದ್ದುದು ಒಬ್ಬರ ಹತ್ತಿರ ಮಾತ್ರ. ಪಕ್ಕದ ಸಾಲಿನಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬದುಕಿಡೀ ಸಾಸಿವೆಯಂಥ ಚಕ್ರಗಳನ್ನು ನೋಡಿದವರು. ಅವರು ತಲೆಯಾಡಿಸುತ್ತಿರಲಿಲ್ಲ, ಕಣ್ಣು ಕಿರಿದು ಮಾಡುತ್ತಿದ್ದರು. "ಸ್ವಲ್ಪ ಎಡಕ್ಕೆ ತಿರುಗಿಸಿ" ಅನ್ನುತ್ತಿದ್ದರು. ಆಮೇಲೆ, "ಹಾಂ, ಅಲ್ಲಿ. ಅದೇನದು?" ಅವರು ಬಾಗಿಲಲ್ಲಿ ಕಂಡರೆ ಸಾಕು, "ಬಂತಪ್ಪ ಶನಿ" ಎಂದು ಕತ್ತರಿಯಣ್ಣ ಬಾಯೊಳಗೇ ಗೊಣಗುತ್ತಿದ್ದ.

ಅಂಗಡಿಯ ಬೋರ್ಡಿನ ಬಲ್ಬು ಬದಲಿಸಲು ಅವನು ಏಣಿ ಹತ್ತಿದ್ದು ಒಂದು ಸಂಜೆ. ಕೆಳಗೆ ಹೋಗುತ್ತಿದ್ದ ಯಾರಿಗೋ ಏನೋ ತಮಾಷೆ ಹೇಳಲು ತಿರುಗಿದ. ಏಣಿಯೂ ತಿರುಗಿತು. ಫುಟ್‌ಪಾತಿನ ಅಂಚಿಗೆ ಬೆನ್ನು ಬಡಿಯಿತು. ಬಿದ್ದವನು ನಗುತ್ತಲೇ "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದ. ಆಮೇಲೆ, "ನನ್ನ ಕಾಲು ಯಾರು ಹಿಡ್ಕೊಂಡಿರೋದು? ಬಿಡ್ರೋ" ಎಂದ. ಯಾರೂ ಹಿಡಿದುಕೊಂಡಿರಲಿಲ್ಲ.

ಬೆನ್ನುಹುರಿ ಹೋಗಿದೆ ಎಂದರು ಡಾಕ್ಟರು. ಎದೆಯ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಕೈಗಳು ಮಾತ್ರ ಮೊದಲಿನ ಹಾಗೆಯೇ ಇದ್ದವು. ಅವನು ಮಂಚದ ಮೇಲೆ ಮಲಗಿ ಬೆರಳುಗಳನ್ನು ಗಾಳಿಯಲ್ಲಿ ಕತ್ತರಿಯ ಹಾಗೆ ಆಡಿಸುತ್ತ ಅಳುತ್ತಿದ್ದ. ಹೆಂಡತಿ ಆ ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು, "ಇವು ಇವೆಯಲ್ರೀ, ಸಾಕು. ಅಂಗಡಿಗೆ ಇವು ತಾನೇ ಬೇಕಾಗಿರೋದು" ಎಂದಳು. ಆ ಮಾತಿಗೇ ಅವನು ಜೋತುಬಿದ್ದ. ಅಂಗಡಿಗೆ ವಾಪಸ್ ಹೋಗಬೇಕು. ಬದುಕಿನಲ್ಲಿ ಅವನಿಗೆ ಉಳಿದದ್ದು ಅದೊಂದೇ ಆಸೆ.

ಆಸ್ಪತ್ರೆಯಲ್ಲಿ ಅವನಿದ್ದ ವಾರ್ಡನ್ನು ಆಳುತ್ತಿದ್ದವರು ದೊಡ್ಡ ಸಿಸ್ಟರ್. ಅವರ ಮಾತು ಒರಟು, ಕೈ ಮೆತ್ತಗೆ. ಮನೆಗೆ ಕಳಿಸುವ ಮುಂಚೆ ಗಂಡಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ನಿಮ್ಮ ಕೆಳಗಿನ ಮೈ ಈಗ ಮೂಕ. ಸುಟ್ಟರೂ ಕೂಗಲ್ಲ, ಕೊಳೆತರೂ ಕೂಗಲ್ಲ. ಕೂತಲ್ಲೇ ಕೂತರೆ ಮೂಳೆ ಒತ್ತಿ ಒತ್ತಿ ಮಾಂಸ ಸಾಯುತ್ತೆ. ಒಂದೊಂದು ಸಲ ಮೇಲೆ ಚೂರೇ ಕಾಣ್ಸುತ್ತೆ, ಒಳಗೆ ಗುಹೆ ಆಗಿರುತ್ತೆ. ಆಗಾಗ ಕೈ ಊರಿ ಮೈ ಎತ್ತಬೇಕು. ದಿನಾ ಬೆಳಗ್ಗೆ ಹಿಂಭಾಗ ನೋಡಬೇಕು. ಕೆಂಪು ಕಂಡರೆ ಬೆರಳಲ್ಲಿ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಸದ್ಯ ಬಚಾವು. ಒತ್ತಿದರೂ ಕೆಂಪು ಕೆಂಪಾಗೇ ಇದ್ದರೆ, ಅವತ್ತೇ ಕೂರೋದು ಬಿಟ್ಟು ನನಗೆ ಫೋನ್ ಮಾಡಿ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಿಸ್ಟರ್? ಹುಣ್ಣಾದರೆ ಗೊತ್ತಾಗಲ್ವಾ?" ಎಂದು ಕತ್ತರಿಯಣ್ಣ ನಕ್ಕ. ಮಾತಿನಲ್ಲಿ ಸೋಲುವ ಜನ್ಮವಲ್ಲ ಅದು.

ಸಿಸ್ಟರ್ ನಗಲಿಲ್ಲ. "ಇದು ಅಂಗೈ ಹುಣ್ಣಲ್ಲ. ಇದಕ್ಕೆ ಕನ್ನಡಿ ಬೇಕು. ತೊಗಲು ಒಡೆದರೆ ಕೂರೋ ಹಾಗಿಲ್ಲ. ಕೂರೋ ಹಾಗಿಲ್ಲ ಅಂದರೆ ನಿಮ್ಮ ಅಂಗಡಿ ಇಲ್ಲ. ಅದನ್ನೂ ಮೀರಿದರೆ ಏನಾಗುತ್ತೆ ಅಂತ ಪಕ್ಕದ ಹಾಸಿಗೆ ನೋಡಿ ತಿಳ್ಕೊಂಡಿದೀರಲ್ಲ."

ಪಕ್ಕದ ಹಾಸಿಗೆಯಲ್ಲಿದ್ದದ್ದು ಒಬ್ಬ ಲಾರಿ ಡ್ರೈವರ್. ಅವನೂ ಹೀಗೇ ಬೆನ್ನು ಮುರಿದವನು. ಹಾಸಿಗೆಯ ಸುತ್ತ ಕೊಳೆತ ಹಣ್ಣಿನಂಥ ಒಂದು ಸಿಹಿ ವಾಸನೆ ಇರುತ್ತಿತ್ತು. ಅವನು ಬೀಡಿಗಾಗಿ ಸಿಸ್ಟರನ್ನು ಕಾಡುತ್ತ, ಹೊಸ ಲಾರಿಯ ಬಣ್ಣದ ಬಗ್ಗೆ ಮಾತಾಡುತ್ತ, ಚಳಿಜ್ವರದಲ್ಲಿ ಹಲ್ಲು ಕಟಕಟಿಸುತ್ತ ಇದ್ದ. ಒಂದು ಬೆಳಗ್ಗೆ ಕತ್ತರಿಯಣ್ಣ ಕಣ್ಣು ಬಿಟ್ಟಾಗ ಹಾಸಿಗೆ ಖಾಲಿಯಾಗಿತ್ತು, ತೊಳೆದ ರಬ್ಬರ್ ಶೀಟು ಕಿಟಕಿಯ ಮೇಲೆ ಒಣಗುತ್ತಿತ್ತು. ಕತ್ತರಿಯಣ್ಣ ಅವತ್ತಿಡೀ ಯಾರಿಗೂ ತಮಾಷೆ ಮಾಡಲಿಲ್ಲ.

ಮನೆಯಲ್ಲಿ ಮಂಚವನ್ನು ಬೀರುವಿನ ಎದುರಿಗೆ ಎಳೆದರು. ಬೀರುವಿನ ಬಾಗಿಲಲ್ಲಿ ಉದ್ದನೆಯ ಕನ್ನಡಿಯಿತ್ತು. ಅವನು ಅದರ ಕಡೆ ಮುಖ ಮಾಡಿ ಮಗ್ಗುಲಿಗೆ ಮಲಗಬೇಕು, ಹೆಂಡತಿ ಬೆನ್ನ ಹಿಂದೆ ಕೈಗನ್ನಡಿ ಹಿಡಿಯಬೇಕು. ಥೇಟ್ ಅಂಗಡಿಯ ಹಾಗೆಯೇ. ಕೈಗನ್ನಡಿಯೂ ಅಂಗಡಿಯದೇ, ಕಪ್ಪು ಹಿಡಿಯದ್ದು.

ಮೊದಲ ದಿನ ಅವನು ನೋಡಿದ. ನಿಜವಾಗಿಯೂ ನೋಡಿದ. ಕನ್ನಡಿಯಲ್ಲಿ ಯಾರದೋ ಪೃಷ್ಠ ಕಂಡಿತು. ಜೋತ ತೊಗಲು, ಮೂಳೆ ಎದ್ದು ನಿಂತ ಸೊಂಟ, ಒಣಗಿದ ಸೋರೆಕಾಯಿಯಂಥ ತೊಡೆ. ಇದು ತಾನಲ್ಲ ಅನ್ನಿಸಿತು. ತಾನೇ ಎಂದು ಗೊತ್ತಾಯಿತು. ಕಣ್ಣೆತ್ತಿದರೆ ಅದನ್ನೇ ನೋಡುತ್ತ ನಿಂತ ಹೆಂಡತಿಯ ಮುಖ ಕಂಡಿತು.

"ನೀನು ನೋಡಬೇಡ" ಎಂದ.

"ನಾನು ನೋಡದೇ ಇನ್ಯಾರು ನೋಡಬೇಕ್ರೀ?"

"ನಾನು ನೋಡ್ಕೋತೀನಿ. ನನಗೆ ಕಣ್ಣಿಲ್ವಾ? ನೀನು ಕನ್ನಡಿ ಹಿಡಿ ಸಾಕು. ಆ ಕಡೆ ತಿರುಗಿ ನಿಂತ್ಕೋ. ದಮ್ಮಯ್ಯ ಅಂತೀನಿ, ಇದನ್ನ ನೀನು ನೋಡಬೇಡ ಕಣೇ."

ಆ ದನಿ ಕೇಳಿ ಅವಳ ಕರುಳು ಚುರ್ರೆಂದಿತು. ಮದುವೆಯಾದಾಗ ಮೀಸೆ ತಿರುವಿಕೊಂಡು ನಿಂತಿದ್ದವನು. ಅವನಿಗೆ ಉಳಿದಿರುವ ಮಾನ ಇಷ್ಟೇ ಆದರೆ ಇಷ್ಟನ್ನಾದರೂ ಕಾಪಾಡೋಣ ಎಂದುಕೊಂಡಳು. ಮೈ ಒರೆಸಿಕೊಳ್ಳುವುದು, ಬಟ್ಟೆ ಬದಲಿಸುವುದು ಎಲ್ಲವನ್ನೂ ಅವನೇ ಹೊದಿಕೆಯೊಳಗೆ ಮಾಡಿಕೊಳ್ಳುತ್ತಿದ್ದ. ಮಾರನೆಯ ದಿನದಿಂದ ಅವಳು ಕನ್ನಡಿ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿ ನಿಲ್ಲುತ್ತಿದ್ದಳು. ಕಿಟಕಿಯಾಚೆ ಎದುರು ಮನೆಯ ನೀರಿನ ಟ್ಯಾಂಕು, ಅದರ ಮೇಲೊಂದು ಕಾಗೆ. "ಸರಿ ಇದೆಯಾ?" ಎಂದು ಕೇಳುತ್ತಿದ್ದಳು.

"ಸರಿ ಇದೆ, ಸರಿ ಇದೆ" ಅನ್ನುತ್ತಿದ್ದ ಅವನು.

ಆದರೆ ಅವನು ನೋಡುತ್ತಿರಲಿಲ್ಲ! ಕಣ್ಣು ಕನ್ನಡಿಯ ತನಕ ಹೋಗಿ, ಬಿಸಿ ಪಾತ್ರೆ ಮುಟ್ಟಿದ ಕೈಯಂತೆ ಹಿಂದಕ್ಕೆ ಬರುತ್ತಿತ್ತು. ಬದುಕಿಡೀ ಊರಿಗೆಲ್ಲ ಕನ್ನಡಿ ಹಿಡಿದು, ನೋಡದೆ ತಲೆಯಾಡಿಸುವವರನ್ನು ಕಂಡು ಒಳಗೊಳಗೇ ನಕ್ಕವನು ಈಗ ತಾನೇ ಗಿರಾಕಿಯಾಗಿದ್ದ. ಅವನು ನೋಡುತ್ತಿದ್ದಾನೆಂದು ಅವಳು ನಂಬಿದ್ದಳು. ಏನಾದರೂ ಆದರೆ ಅವಳ ಕಣ್ಣಿಗೆ ಬಿದ್ದೇ ಬೀಳುತ್ತದೆ, ಹೆಂಗಸರ ಕಣ್ಣು ಸುಮ್ಮನಿರುತ್ತದೆಯೇ ಎಂದು ಅವನು ನಂಬಿದ್ದ. ಇಬ್ಬರ ನಡುವೆ ಆ ಕನ್ನಡಿ ದಿನಾ ಬೆಳಗ್ಗೆ ತನ್ನ ಪಾಡಿಗೆ ತಾನು ಎಲ್ಲವನ್ನೂ ತೋರಿಸುತ್ತಿತ್ತು.

ಇಷ್ಟು ದಿನ ಅಂಗಡಿ ನಡೆಸುತ್ತಿದ್ದವನು ಹೆಂಡತಿಯ ತಮ್ಮ. ಒಳ್ಳೆಯ ಮನುಷ್ಯ, ಆದರೆ ಮಾತೇ ಬರದವನು. ಮಾತಿಲ್ಲದ ಕ್ಷೌರವೆಂದರೆ ಉಪ್ಪಿಲ್ಲದ ಸಾರು, ಅರ್ಧ ಗಿರಾಕಿಗಳು ಕೈಬಿಟ್ಟಿದ್ದರು. ಗಾಲಿಕುರ್ಚಿ ಅಂಗಡಿಯ ಹೊಸ್ತಿಲು ದಾಟಿದ ದಿನ ಕತ್ತರಿಯಣ್ಣ ಮಗುವಿನ ಹಾಗೆ ಕಣ್ಣೊರೆಸಿಕೊಂಡ. ಗಿರಾಕಿಯ ಕುರ್ಚಿಯನ್ನು ಆದಷ್ಟು ತಗ್ಗಿಸಿದರು. ಆದರೂ ಕತ್ತರಿಯಣ್ಣನಿಗೆ ನೆತ್ತಿ ಎಟುಕಲಿಲ್ಲ.

"ಆ ಮಕ್ಕಳ ಹಲಗೆ ತಗೊಂಡು ಬಾ" ಎಂದ ಬಾಮೈದನಿಗೆ.

ಎಲ್ಲ ಕಟಿಂಗ್ ಶಾಪುಗಳಲ್ಲೂ ಒಂದು ಹಲಗೆ ಇರುತ್ತದೆ. ಪುಟ್ಟ ಮಕ್ಕಳು ಬಂದಾಗ ಕುರ್ಚಿಯ ಎರಡು ತೋಳುಗಳ ಮೇಲೆ ಅದನ್ನು ಅಡ್ಡ ಇಟ್ಟು, ಅದರ ಮೇಲೆ ಮಗುವನ್ನು ಕೂರಿಸುತ್ತಾರೆ. ಆ ಹಲಗೆಯನ್ನು ಗಾಲಿಕುರ್ಚಿಗೆ ಹಾಕಿ, ಮೇಲೆ ಹುಣ್ಣೇಳದಿರಲೆಂದು ಆಸ್ಪತ್ರೆಯವರು ಕೊಟ್ಟ ಗಾಳಿ ದಿಂಬು ಇಟ್ಟರು. ಎತ್ತರ ಸರಿಯಾಯಿತು. ಆದರೆ ದಿಂಬು ತೂಗಾಡುತ್ತಿತ್ತು. ಕತ್ತರಿಗೆ ಪರವಾಗಿಲ್ಲ, ಕತ್ತಿ ಹಿಡಿದರೆ ಕೈ ನಿಲ್ಲುತ್ತಿರಲಿಲ್ಲ. ಅವನು ದಿಂಬು ಕಿತ್ತು ಮೂಲೆಗೆ ಎಸೆದು, ಅಂಗಡಿಯ ಬಿಳಿ ಟವಲುಗಳನ್ನು ಮಡಿಸಿ ಹಲಗೆಯ ಮೇಲೆ ಹಾಸಿಸಿಕೊಂಡ.

"ಭಾವ, ಸಿಸ್ಟರ್ ಏನಂದಿದ್ರು..."

"ಸಿಸ್ಟರ್ ಯಾರಿಗಾದರೂ ಗಡ್ಡ ಮಾಡಿದಾರಾ? ಗಾಳಿ ದಿಂಬಿನ ಮೇಲೆ ಕೂತು ಗಂಟಲ ಹತ್ತಿರ ಕತ್ತಿ ಆಡಿಸಿದರೆ ಅದು ಕ್ಷೌರ ಅಲ್ಲಪ್ಪ, ಕೊಲೆ. ನಿಮ್ಮಕ್ಕನಿಗೆ ಮಾತ್ರ ಹೇಳಬೇಡ. ಹೇಳಿದೆಯೋ, ನಿನ್ನ ತಲೆಗೆ ನಾನೇ ಕತ್ತಿ ಹಾಕ್ತೀನಿ."

ಬಾಮೈದ ಬಾಯಿಗೆ ಬೀಗ ಹಾಕಿಕೊಂಡ. ಅದು ಅವನಿಗೆ ಕಷ್ಟದ ಕೆಲಸವೂ ಆಗಿರಲಿಲ್ಲ. ಮನೆಗೆ ಹೊರಡುವಾಗಲೆಲ್ಲ ಹಲಗೆ ತೆಗೆದು ದಿಂಬನ್ನು ವಾಪಸ್ ಇಡುತ್ತಿದ್ದ.

ಗಿರಾಕಿಗಳು ಮರಳಿ ಬಂದರು. ಮಾತು, ನಗು, ಕತ್ತರಿಯ ಸದ್ದು. ಆಗಾಗ ಕೈ ಊರಿ ಮೈ ಎತ್ತಬೇಕೆಂದು ಸಿಸ್ಟರ್ ಹೇಳಿದ್ದರಲ್ಲ, ಮೊದಮೊದಲು ಎತ್ತಿದ. ಆದರೆ ಅರ್ಧ ಗಲ್ಲಕ್ಕೆ ಸೋಪಿನ ನೊರೆ ಬಳಿದುಕೊಂಡು ಒಬ್ಬ ಕೂತಿರುವಾಗ, ಇನ್ನೊಬ್ಬ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತಿರುವಾಗ, ಯಾವ ಕ್ಷೌರಿಕ ಕತ್ತಿ ಕೆಳಗಿಟ್ಟು ಕಸರತ್ತು ಮಾಡುತ್ತಾನೆ? ಇದೊಂದು ಮುಗಿಯಲಿ ಅನ್ನುತ್ತಿದ್ದ. ಅದು ಮುಗಿಯುವಾಗ ಇನ್ನೊಂದು ತಲೆ ಎದುರಿಗೆ ಬಂದಿರುತ್ತಿತ್ತು.

ಆಮೇಲೆ ಒಂದು ದಿನ ಅವನ ಕಾಲು ಅಲ್ಲಾಡಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಕೂತಿದ್ದಾಗ ಬಲಗಾಲು ತಾನಾಗಿ ಜಿಗಿದು ಮೇಜಿಗೆ ಒದೆಯಿತು. ಲೋಟ ಉರುಳಿತು. ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. "ರೀ! ಕಾಲು! ಕಾಲಿಗೆ ಜೀವ ಬಂತು ಕಣ್ರೀ!" ಎಂದು ಅವಳು ಕಿರುಚಿ ಆ ಕಾಲನ್ನು ತಬ್ಬಿಕೊಂಡಳು. ಇನ್ನೊಮ್ಮೆ ಒದೆಯಲೆಂದು ಅವನು ಆ ಕಾಲನ್ನೇ ನೋಡುತ್ತ ಕೂತ. ಆಮೇಲಿಂದ ಕಾಲುಗಳು ದಿನದಿನಕ್ಕೆ ಹೆಚ್ಚು ಹೆಚ್ಚು ಒದೆಯತೊಡಗಿದವು. ನಡೆಯುವ ಕನಸು ಬೀಳತೊಡಗಿತು. ಸಿಸ್ಟರಿಗೆ ಫೋನ್ ಮಾಡಿ ಹೇಳೋಣವೇ ಎಂದಳು ಹೆಂಡತಿ. ಈಗಲೇ ಬೇಡ, ಒಂದು ದಿನ ನಡೆದುಕೊಂಡೇ ಹೋಗಿ ಎದುರಿಗೆ ನಿಂತು ತೋರಿಸೋಣ ಎಂದ ಅವನು. ಪಾಪ, ಅವರಿಗೇನು ಗೊತ್ತು. ಕೂಗಲು ಬಾಯಿಲ್ಲದ ಮೈ ಕಾಲಿನಿಂದ ಬಾಗಿಲು ಒದೆಯುತ್ತಿತ್ತು, ಒಳಗೆ ಬೆಂಕಿ ಬಿದ್ದಿದೆ ಎಂದು. ಇವರು ನೆಂಟರು ಬಂದರೆಂದು ಸಂಭ್ರಮಪಟ್ಟರು.

ತಲೆನೋವು ಶುರುವಾಯಿತು. ಸುಮ್ಮನೆ ಕೂತಿದ್ದವನ ಮುಖ ಕೆಂಪಾಗಿ ಹಣೆಯಲ್ಲಿ ಬೆವರು ಕಿತ್ತು ಬರುತ್ತಿತ್ತು. ಸೆಕೆ ಎಂದು ಫ್ಯಾನು ಜೋರು ಮಾಡಿಸಿ, ಮಾತ್ರೆ ನುಂಗಿದ. ಅವನ ಪ್ಯಾಂಟಿನ ಹಿಂಭಾಗದಲ್ಲಿ ಕಂದು ಕಲೆಗಳು ಕಾಣಿಸಿದವು. ಹೆಂಡತಿ ಅವನ್ನು ಕಲ್ಲಿನ ಮೇಲೆ ಉಜ್ಜಿ ಉಜ್ಜಿ, "ಆ ಹಾಳಾದ ಹೇರ್ ಡೈ ಎಲ್ಲೆಂದರಲ್ಲಿ ಚೆಲ್ತೀರಿ, ಬಟ್ಟೆ ಒಗೆಯೋಳು ನಾನಲ್ವಾ" ಎಂದು ಬೈದಳು. ಅಂಗಡಿಯಲ್ಲಿ ನೊಣ ಹೆಚ್ಚಾದವು. ಮುಂದಿನ ಚರಂಡಿ ನಾರುತ್ತಿದೆ ಎಂದುಕೊಂಡು ಕತ್ತರಿಯಣ್ಣ ಬಾಗಿಲಿಗೆ ಲೋಷನ್ ಎರಚಿಸಿದ. ಎರಚಿದ ಮೇಲೂ ಒಂದು ಸಿಹಿ ವಾಸನೆ ಮೂಗಿಗೆ ಬರುತ್ತಲೇ ಇತ್ತು. ಎಲ್ಲೋ ಮೂಸಿದ ನೆನಪು, ಎಲ್ಲಿ ಎಂದು ನೆನಪಾಗಲಿಲ್ಲ. ಅಥವಾ ನೆನಪಾಗಲು ಅವನು ಬಿಡಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಅವನು ಕಣ್ಣು ಮುಚ್ಚಿ ಕುಡಿಯುತ್ತಿದ್ದುದು ವಿಷ.

ದಿನಾ ಬೆಳಗ್ಗೆ ಕನ್ನಡಿ ಮಾತ್ರ ತಪ್ಪಲಿಲ್ಲ. ಟ್ಯಾಂಕು, ಕಾಗೆ. "ಸರಿ ಇದೆಯಾ?" "ಸರಿ ಇದೆ, ಸರಿ ಇದೆ."

ಗಡಿಯಾರದ ಮುದುಕರು ಊರಲ್ಲಿರಲಿಲ್ಲ, ಮಗಳ ಮನೆಗೆ ಹೋಗಿದ್ದರು. ಬಂದವರು ನೇರವಾಗಿ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು, "ಸದ್ಯ, ವಾಪಸ್ ಬಂದಿರಲ್ಲ. ಅಲ್ಲಿಯವನೊಬ್ಬನಿಗೆ ತಲೆ ಕೊಟ್ಟು ನನ್ನ ಮಾನ ಹೋಯ್ತು" ಎಂದರು. ಕತ್ತರಿಯಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಶನಿಯೇ ಆದರೂ ಹಳೆಯ ಶನಿ. ಅವತ್ತು ಅವನಿಗೆ ಬೆಳಗಿನಿಂದ ಒಳಗೊಳಗೇ ಚಳಿ. ಹಲ್ಲು ಕಚ್ಚಿಕೊಂಡು ಕತ್ತರಿ ಆಡಿಸಿದ. ಕಿವಿಯ ಹಿಂದೆ ಕತ್ತಿ ಹಿಡಿದಾಗ ಕೈ ನಡುಗಿ ಒಂದು ಗೀರು ಬಿತ್ತು. ಕಸುಬು ಹಿಡಿದಾಗಿನಿಂದ ಅವನ ಕೈಯಲ್ಲಿ ಗಿರಾಕಿಯ ರಕ್ತ ಬಂದಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ. ಪಟಿಕ ಒತ್ತಿ, ಟವಲು ಝಾಡಿಸಿ, ಕೈಗನ್ನಡಿ ತೆಗೆದುಕೊಂಡ. ಅಭ್ಯಾಸಬಲದಿಂದ ಮಣಿಕಟ್ಟು ಒಂದಿಷ್ಟೇ ಇಷ್ಟು ತಿರುಗಿತು.

"ಸರಿ ಇದೆಯಾ ನೋಡಿ."

ಮುದುಕರು ಕಣ್ಣು ಕಿರಿದು ಮಾಡಿದರು. "ಸ್ವಲ್ಪ ಎಡಕ್ಕೆ ತಿರುಗಿಸಿ."

ತಿರುಗಿಸಿದ.

"ಹಾಂ. ಗೀರು ಬಿಡಿ, ಅದೇನು ದೊಡ್ಡದಲ್ಲ. ನಿಮ್ಮ ಹಿಂದೆ ಅದೇನದು?"

ಅಂಗಡಿಯ ಹಿಂದಿನ ಗೋಡೆಗೂ ಕನ್ನಡಿಯಿತ್ತು. ಎದುರಿನ ಕನ್ನಡಿಯಲ್ಲಿ ಅದು, ಅದರಲ್ಲಿ ಇದು, ಹೀಗೆ ಕನ್ನಡಿಯೊಳಗೆ ಕನ್ನಡಿ. ಕತ್ತರಿಯಣ್ಣ ತಲೆಯೆತ್ತಿ ನೋಡಿದ. ಗಾಲಿಕುರ್ಚಿಯ ಬೆನ್ನಿಗೂ ಹಲಗೆಗೂ ನಡುವಿನ ಸಂದಿಯಿಂದ ಬಿಳಿ ಟವಲಿನ ತುದಿ ಇಳಿಬಿದ್ದಿತ್ತು. ಅದು ಬಿಳಿ ಇರಲಿಲ್ಲ. ಹಳದಿ, ಹಸಿರು, ಕಂದು, ನಡುವೆ ಕೆಂಪು, ಮೇಲೆ ನೊಣ. ಅದೇ ಟವಲು ಒಂದರೊಳಗೊಂದು, ಒಂದರೊಳಗೊಂದು, ಕಣ್ಣು ಹೋಗುವಷ್ಟು ದೂರ ಸಾಲಾಗಿ ನೇತಾಡುತ್ತಿತ್ತು. ಆಗ ಆ ವಾಸನೆ ಎಲ್ಲಿಯದೆಂದು ಅವನಿಗೆ ನೆನಪಾಯಿತು. ಕಿಟಕಿಯ ಮೇಲೆ ಒಣಗುತ್ತಿದ್ದ ರಬ್ಬರ್ ಶೀಟು ಕಣ್ಣ ಮುಂದೆ ಬಂತು. ಕೈಯಿಂದ ಕನ್ನಡಿ ಜಾರಿತು. ಮುದುಕರು ಬಾಗಿ ಅದನ್ನು ಹಿಡಿದುಕೊಂಡರು.

ಆಸ್ಪತ್ರೆಯಲ್ಲಿ ದೊಡ್ಡ ಸಿಸ್ಟರ್ ಬ್ಯಾಂಡೇಜು ಕಟ್ಟಿ ಹೊರಗೆ ಬಂದಾಗ ಅವರ ಮುಖ ಸುಣ್ಣವಾಗಿತ್ತು. "ಮೂಳೆ ಕಾಣ್ತಾ ಇದೆ" ಎಂದರು. ಆಮೇಲೆ ಕತ್ತರಿಯಣ್ಣನ ಮಂಚದ ಬಳಿ ನಿಂತು ಗಂಡಹೆಂಡತಿ ಇಬ್ಬರನ್ನೂ ಕೇಳಿದರು, "ದಿನಾ ನೋಡ್ತಿದ್ದವರು ಯಾರು?"

"ಇವರು" ಎಂದಳು ಹೆಂಡತಿ.

"ಇವಳು" ಎಂದ ಗಂಡ.

ಹೇಳಿದ ಮೇಲೆ ಇಬ್ಬರಿಗೂ ಅರ್ಥವಾಯಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಬಾಗಿಲ ಬಳಿ ನಿಂತಿದ್ದ ತಮ್ಮ ಆಗ ಬಾಯಿಬಿಟ್ಟ. ಹಲಗೆ, ಟವಲು, ಮೂಲೆಗೆ ಎಸೆದ ದಿಂಬು ಎಲ್ಲವನ್ನೂ ಹೇಳಿದ. ಟವಲಿನ ಕಲೆಯನ್ನು ತಾನು ಮೊದಲೇ ಕಂಡಿದ್ದೆ, ಭಾವನಿಗೆ ತಿಳಿಯದೆ ಮೂತ್ರ ಹೋಗಿರಬೇಕೆಂದು ನಾಚಿ ಸುಮ್ಮನೆ ಒಗೆದುಹಾಕಿದ್ದೆ ಎಂದೂ ಹೇಳಿ ಗೋಡೆಗೆ ಹಣೆ ಒತ್ತಿ ಅತ್ತ. ಅವಳು ತಮ್ಮನನ್ನು ಅಲ್ಲೇ ಬಿಟ್ಟು ಗಂಡನ ಕಡೆ ತಿರುಗಿದಳು.

"ನಾನು ಕಾಗೆ ನೋಡ್ತಾ ನಿಂತಿದ್ದೆ ಕಣ್ರೀ! ದಿನಾ ಬೆಳಗ್ಗೆ! ನಿಮ್ಮ ಮೈ ಕೊಳೀತಾ ಇತ್ತು, ನಾನು ಕನ್ನಡಿ ಹಿಡ್ಕೊಂಡು ಕಾಗೆ ನೋಡ್ತಾ ಇದ್ದೆ! ನೋಡೋಕೆ ಆಗ್ತಿಲ್ಲ ಕಣೇ, ನೀನೇ ನೋಡು ಅಂತ ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವನು ಮುಖವನ್ನು ದಿಂಬಿನಲ್ಲಿ ಹುದುಗಿಸಿದ. "ನಾಚಿಕೆ ಆಯ್ತು" ಎಂದ.

"ನನ್ನ ಹತ್ತಿರಾನಾ?" ಎಂದಳು ಅವಳು.

ಕಾಲಿಗೆ ಜೀವ ಬಂದದ್ದಲ್ಲ ಎಂದು ಸಿಸ್ಟರ್ ತಿಳಿಸಿದ್ದೂ ಅವತ್ತೇ. ಹುಣ್ಣು ಕೆರಳಿಸಿದ್ದಕ್ಕೆ ನರ ಒದ್ದದ್ದು ಅಷ್ಟೇ. ಸತ್ತ ಮಾಂಸ ಕತ್ತರಿಸಿ ತೆಗೆದರು. ರಕ್ತಕ್ಕೆ ನಂಜೇರಿ ಅವನು ಕೆಲವು ದಿನ ಯಾರನ್ನೂ ಗುರುತಿಸಲಿಲ್ಲ. ಗಾಳಿಯಲ್ಲಿ ಬೆರಳು ಆಡಿಸುತ್ತ ಲಾರಿ ಡ್ರೈವರನಿಗೆ ಕಟಿಂಗ್ ಮಾಡುತ್ತಿದ್ದ. ಬದುಕಿದ್ದು ಹೆಚ್ಚು. ಆಮೇಲೆ ತಿಂಗಳುಗಟ್ಟಲೆ ಬೋರಲಾಗಿ ಮಲಗಿದ, ಮಧ್ಯೆ ಮಧ್ಯೆ ಎಡಮಗ್ಗುಲಿಗೆ. ಕೂರುವ ಮಾತೇ ಇರಲಿಲ್ಲ. ಮನೆಗೆ ಕಳಿಸುವಾಗ ಸಿಸ್ಟರ್ ಹೇಳಿದ್ದು ಇಷ್ಟೇ: "ಇದೊಂದು ಮುಚ್ಚಿದರೆ ಚೂರು ಚೂರೇ ಕೂರಬಹುದು. ಇನ್ನೊಂದು ಎದ್ದರೆ ತಡೆಯೋ ಶಕ್ತಿ ಈ ಮೈಗಿಲ್ಲ. ನನ್ನ ಕೈಲೂ ಇಲ್ಲ."

ಮನೆಯಲ್ಲಿ ಈಗ ಹೆಂಡತಿ ಕಿಟಕಿ ನೋಡುತ್ತಿರಲಿಲ್ಲ. ತಾನೇ ಬಗ್ಗಿ ನೋಡಿ, ಮುಟ್ಟಿ, ಒತ್ತಿ, ಗಟ್ಟಿಯಾಗಿ ಹೇಳುತ್ತಿದ್ದಳು. "ನಿನ್ನೆಗಿಂತ ಚಿಕ್ಕದಾಗಿದೆ." "ಅಂಚು ಒಣಗಿದೆ." ಆಮೇಲೆ ಕನ್ನಡಿ ಹಿಡಿದು ಅವನಿಗೂ ತೋರಿಸುತ್ತಿದ್ದಳು. ಅವನು ಬೋರಲು ಮಲಗಿ, ಬೀರುವಿನ ಕಡೆ ಕತ್ತು ಹೊರಳಿಸಿ ನೋಡುತ್ತಿದ್ದ. ಮೊದಮೊದಲು ಕಣ್ಣೀರು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಹಳ್ಳ ತುಂಬುತ್ತ ಬಂತು, ಗುಲಾಬಿ ಬಣ್ಣದ ಹೊಸ ತೊಗಲು ಅಂಚಿನಿಂದ ಒಳಕ್ಕೆ ಸರಿಯಿತು. "ಪರವಾಗಿಲ್ಲ ಕಣೇ, ಹಿಂದಗಡೆ ನಾನು ಅಷ್ಟೇನೂ ಕುರೂಪಿ ಅಲ್ಲ" ಎಂದು ಒಂದು ದಿನ ಅಂದ. ಅವಳು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು.

ಕೊನೆಗೆ ಮುಚ್ಚಿತು. ನಾಳೆ ಬರುತ್ತೇನೆ, ಸ್ವಲ್ಪ ಹೊತ್ತು ಕೂರಿಸಿ ನೋಡೋಣ ಎಂದು ಸಿಸ್ಟರ್ ಫೋನಿನಲ್ಲಿ ಹೇಳಿದರು. ಬಾಮೈದ ಹಲಗೆಯನ್ನು ಒಡೆದು ಒಲೆಗೆ ಹಾಕಿದ್ದ. ಬಡಗಿಯನ್ನು ಕರೆಸಿ, ಗಾಲಿಕುರ್ಚಿ ನಿಲ್ಲುವ ಕಡೆ ನೆಲವನ್ನೇ ಎತ್ತರಿಸಿ ಮರದ ಜಗಲಿ ಮಾಡಿಸಿದ್ದ. ಅಂಗಡಿಯ ಕನ್ನಡಿಗಳನ್ನೆಲ್ಲ ತೊಳೆದಿದ್ದ. ಗಡಿಯಾರದ ಮುದುಕರು "ಮೊದಲ ತಲೆ ನನ್ನದು" ಎಂದು ಹೇಳಿ ಕಳಿಸಿದ್ದರು.

ಮರುದಿನ ಬೆಳಗ್ಗೆ ಹೆಂಡತಿ ಎಂದಿನಂತೆ ಹೊದಿಕೆ ಸರಿಸಿದಳು. ಬಗ್ಗಿದಳು. ಅವಳ ಮಾತು ಬರಲಿಲ್ಲ.

"ಹೇಗಿದೆಯೇ?"

"ಚೆನ್ನಾಗಿ ಮುಚ್ಚಿದೆ ಕಣ್ರೀ" ಎಂದಳು. ದನಿ ಬೇರೆ ಯಾರದೋ ಇದ್ದ ಹಾಗಿತ್ತು. ಕೈಗನ್ನಡಿ ಹಿಡಿದಳು. ಬೀರುವಿನ ಕನ್ನಡಿಯಲ್ಲಿ ಹೊಸ ತೊಗಲು ಕಂಡಿತು, ನುಣ್ಣಗೆ, ಗುಲಾಬಿಯಾಗಿ. ನೋಡಿ ಅವನ ಎದೆ ತುಂಬಿ ಬರಬೇಕಾಗಿತ್ತು. ಆದರೆ ಅವನ ಕಣ್ಣು ಕನ್ನಡಿ ಹಿಡಿದ ಕೈಯ ಮೇಲೆ ಬಿತ್ತು. ಅವಳ ಮಣಿಕಟ್ಟು ಒಂದಿಷ್ಟೇ ಇಷ್ಟು ತಿರುಗಿತ್ತು.

ಆ ತಿರುವು ಅವನಿಗೆ ಗೊತ್ತಿಲ್ಲದ್ದೇ? ಅವನಿಗೆ ಅನ್ನ ಹಾಕಿದ ತಿರುವು ಅದು.

ಸುಮ್ಮನೆ ತಲೆಯಾಡಿಸಬಹುದಿತ್ತು. ಸರಿ ಇದೆ ಅನ್ನಬಹುದಿತ್ತು. ಇವತ್ತು ಕೂರಬಹುದು, ನಾಳೆ ಅಂಗಡಿ. ಅವಳಿಗೂ ಅದೇ ಆಸೆ, ಅದಕ್ಕೇ ಕೈ ತಿರುಗಿದೆ. ಅವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅಯ್ಯೋ ಅನ್ನಿಸಿತು, ಭಯವಾಯಿತು.

"ಸ್ವಲ್ಪ ಎಡಕ್ಕೆ ತಿರುಗಿಸು" ಎಂದ.

"ಏನೂ ಇಲ್ರೀ ಅಲ್ಲಿ."

"ತಿರುಗಿಸೇ."

ಅವಳು ಅಳುತ್ತಲೇ ತಿರುಗಿಸಿದಳು. ಎಡ ಸೊಂಟದ ಮೂಳೆ ಎದ್ದಿರುವಲ್ಲಿ, ಮಗ್ಗುಲಿಗೆ ಮಲಗಿದಾಗ ಹಾಸಿಗೆಗೆ ಊರುವ ಕಡೆ, ನಾಣ್ಯದಗಲ ಕೆಂಪು. ತೊಗಲು ಇನ್ನೂ ಒಡೆದಿರಲಿಲ್ಲ.

"ಒತ್ತಿ ನೋಡು" ಎಂದ.

ಅವಳು ತೋರುಬೆರಳು ಇಟ್ಟು ಒತ್ತಿದಳು. ಅವನಿಗೆ ಅದು ತಿಳಿಯಲಿಲ್ಲ, ಕನ್ನಡಿಯಲ್ಲಿ ಮಾತ್ರ ಕಂಡಿತು. ಅವಳು ಬೆರಳು ತೆಗೆದಳು.

ಬೆಳ್ಳಗಾಗಲಿಲ್ಲ. ಕೆಂಪು ಕೆಂಪಾಗಿಯೇ ಇತ್ತು. ಈ ಸಲ ಇಬ್ಬರೂ ನೋಡಿದರು.